ನಡೆಯದ ನೋಟು

"ಒಂದ ಮಾತು, ಯಪ್ಪಾ. ಖರೆ ಗೊತ್ತಿದ್ದೂ ಈ ನೋಟ ನಡಿಯಂಗಿಲ್ಲ ಅನಬ್ಯಾಡ್ರಿ. ಹಂಗ ಅಂದವರು ಮುಂದ ನಡಿಯಂಗಿಲ್ಲ," ಎಂದಳು ಹಣಮವ್ವ.

ಕಿಶೋರ ನಕ್ಕುಬಿಟ್ಟ. ಹಳೇ ನೋಟು ಹುಡುಕಿಕೊಂಡು ಹುಕ್ಕೇರಿಯಿಂದ ಕುಲಗೋಡಕ್ಕೆ ಬಂದ ವ್ಯಾಪಾರಿ ಅವನು. ಮಾಟದ ಕತೆ ಕಟ್ಟಿ ರೇಟು ಏರಿಸುವವರನ್ನು ಬೇಕಾದಷ್ಟು ನೋಡಿದ್ದ. "ಹೆದರಸಬ್ಯಾಡ್ರಿ ಆಯಿ, ಮೊದಲ ತೋರಸ್ರಿ," ಎಂದ.

ಹೊರಗೆ ಮಟಮಟ ಮಧ್ಯಾಹ್ನ. ಕಿಟಕಿಯಿಲ್ಲದ ಕೋಣೆಯೊಳಗೆ ಮಾತ್ರ ಕತ್ತಲು, ಕುರಿ ಉಣ್ಣೆಯ ಮುಗ್ಗಲು ವಾಸನೆ, ಅದರ ನಡುವೆ ಸುಟ್ಟ ಕೂದಲಿನಂಥ ಇನ್ನೊಂದು ವಾಸನೆ. ಮುದುಕಿ ಗಂಟು ಬಿಚ್ಚಿದಳು. ಕರಿ ದಾರ ಸುತ್ತಿದ, ಕುಂಕುಮ ಮೆತ್ತಿದ ಒಂದು ನೋಟು.

ಮೊಬೈಲಿನ ಬೆಳಕು ಬಿದ್ದದ್ದೇ ಕಿಶೋರ ಬಗ್ಗಿ ನೋಡಿದ. ಫ್ರೆಂಚ್ ಗವರ್ನರ್ ಡೂಪ್ಲೆಯ ಮುಖ, ಫ್ರೆಂಚ್ ಅಕ್ಷರ, ಐವತ್ತು ರೂಪಾಯಿ. ಪುದುಚೇರಿ ಫ್ರೆಂಚರ ಕೈಯಲ್ಲಿದ್ದಾಗ ಅವರ ಇಂಡೋಚೀನಾ ಬ್ಯಾಂಕು ಅಲ್ಲಿಗೆಂದೇ ಹೊರಡಿಸಿದ್ದು. ಗಡಿಯೊಳಗೆ ಹಣ, ಗಡಿ ದಾಟಿದರೆ ಬರೀ ಕಾಗದ. ಈಗ ಅದೇ ಕಾಗದಕ್ಕೆ ಲಕ್ಷ ಕೊಡುವವರಿದ್ದಾರೆ.

"ನಮ್ಮ ಮಾವ ಮಾಲಿಂಗಪ್ಪ ಕಂಬಳಿ ಮಾರಾಕ ಪುದುಚೇರಿ ತನಕ ಹೋಗಿದ್ದ. ಇದನ್ನ ತಂದು ಗೋಕಾಕ ಸಂತ್ಯಾಗ ಕೊಟ್ಟರ, ಖೋಟಾ ನೋಟಿನ ಕಳ್ಳ ಅಂತ ರುಮಾಲ ಕಿತ್ತು ಹೊಡದ್ರು. ಸಾಯೂಮುಂದ ಮಂತ್ರ ಮಾಡಿಸಿ ಕಟ್ಟಿಟ್ಟ." ಮುದುಕಿಯ ದನಿ ಇಳಿಯಿತು. "ನಮಗ ಇವತ್ತಿಗೂ ಖೋಟಾ ನೋಟಿನವರು ಅಂತಾರ. ನನಗ ರೊಕ್ಕ ಬ್ಯಾಡ್ರಿ. ಇದು ಖರೇನೋ ಖೋಟಾನೋ, ಊರ ಮುಂದ ನಿಂತು ಅಷ್ಟ ಹೇಳ್ರಿ."

ಖರೆ ಎಂದರೆ ಬೆಲೆ ಊರಿಗೆಲ್ಲ ಗೊತ್ತಾಗಿ ನೋಟು ಕೈತಪ್ಪುತ್ತದೆ. ಕಿಶೋರನಿಗೆ ನಾಚಿಕೆ ಇರಲಿಲ್ಲ ಎಂದಲ್ಲ. ಇತ್ತು, ಆದರೆ ಆಸೆಯ ಮುಂದೆ ಅದರ ಆಟ ಸಾಗಲಿಲ್ಲ. ಮುದುಕಿಯ ಜೊತೆ ಊರ ಕಟ್ಟೆಗೆ ಹೋಗಿ, ಅಲ್ಲಿ ಕೂತ ಹಿರಿಯರ ಮುಂದೆ ಹೇಳಿಯೇಬಿಟ್ಟ. "ಖೋಟಾ ಐತ್ರಿ. ನಡಿಯಂಗಿಲ್ಲ. ನಾನ ಒಯ್ದು ಸುಟ್ಟಹಾಕ್ತೀನಿ."

ಹಣಮವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನೋಡಲಾಗದೆ ಅವನು ನೋಟು ಜೇಬಿಗಿಳಿಸಿ ಹೊರಟ.

ಬಸ್ಸಿನ ದಾರಿ ಕಬ್ಬಿನ ಹೊಲದ ನಡುವೆ. ಗರಿಗಳ ಸರಸರ ಥಟ್ಟನೆ ನಿಂತಿತು. ಸುಟ್ಟ ಕೂದಲಿನ ವಾಸನೆ. ಜೇಬು ಬಿಸಿ. ಎಡಗಾಲು ಏಳಲಿಲ್ಲ. ಎಳೆದ. ಏಳಲಿಲ್ಲ. ಬಲಗಾಲೂ ನಿಂತಿತು. ಕಾಲ್ಬೆರಳುಗಳು ಒಣಗಿದವು. ಹಳೇ ಕಾಗದದ ಹಾಗೆ ಪರಪರ ಮಡಚಿಕೊಂಡವು. ಕಿವಿಯ ಹಿಂದೆ ಉಸಿರು. ಕುರಿ ವಾಸನೆಯ ಉಸಿರು. "ಇನ್ನೊಮ್ಮೆ ಹೇಳು." ತಿರುಗಿದ. ಯಾರೂ ಇಲ್ಲ. ಮಂಡಿ ಒಣಗಿತು. ತೊಡೆ ಒಣಗಿತು.

"ಖರೆ ಐತಿ! ನೋಟು ಖರೆ ಐತಿ!" ಅರಚಿದ. ಬಿದ್ದ. ಮೊಣಕೈ ಸುಲಿಯುತ್ತ ಕಟ್ಟೆಯವರೆಗೂ ತೆವಳಿದ.

ಜನ ಸೇರಿತು. ಕಿಶೋರ ನೋಟನ್ನು ಹಣಮವ್ವನ ಕಾಲ ಬಳಿ ಇಟ್ಟು ಬ್ಯಾಂಕು, ಬೆಲೆ, ತನ್ನ ಸುಳ್ಳು, ಎಲ್ಲ ಒದರಿದ. ಬಲಗಾಲಿಗೆ ಜೀವ ಬಂತು. ಎಡಗಾಲಿಗೆ ಬರಲಿಲ್ಲ.

ಹಿರಿಯ ಯಲ್ಲಪ್ಪ ಬೀಡಿ ಒಗೆದ. "ಮಾಟಕ್ಕ ಅಂಜಿ ಅನ್ನಾಕತ್ತಾನ. ಅಂಜಿದಾಂವ ಏನ ಬೇಕಾದ್ರೂ ಅಂತಾನ. ಮೊದಲ ಅಂದದ್ದ ಖರೆ." ಜನ ಹೌದೆಂದಿತು.

"ಕಾಲ ಹಿಡಿತೀನ್ರಿ, ಮಾಲಿಂಗಪ್ಪ ಕಳ್ಳ ಅಲ್ರಿ!"

ಯಾರೂ ನಿಲ್ಲಲಿಲ್ಲ. ಒಂದು ಮನೆತನ ಮೂರು ತಲೆಮಾರು ಕಾದ ಮಾತನ್ನು ತಾನೇ ಕೆಡಿಸಿದ್ದು ಕಿಶೋರನಿಗೆ ಅರಿವಾಯಿತು.

ಕಟ್ಟೆ ಖಾಲಿಯಾದ ಮೇಲೆ ಹಣಮವ್ವ ಬಗ್ಗಿ, ಅವನ ತೋಳು ಹಿಡಿದು ಎಬ್ಬಿಸಿದಳು. "ನಾ ನಂಬತೀನಿ, ಯಪ್ಪಾ," ಎಂದಳು.

ಅವಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.