ಅವನಿಗೆ ಎಟುಕದ ಶ್ರುತಿ

ಎರಡನೆಯ ಚರಣಕ್ಕೆ ಡೆನ್ಜಿಲ್ ದನಿಗೂಡಿಸದೆ ಸುಮ್ಮನಾದದ್ದು ಸಿಟ್ಟಿನಿಂದ ಎಂದೇ ಆರ್ಡಿತ್ ತಿಳಿದಳು.

ನ್ಯಾಶ್‌ವಿಲ್ಲಿನ ರೆಕಾರ್ಡ್ ಕಂಪನಿಯ ಪತ್ರವನ್ನು ಅವಳು ಅವನಿಂದ ಮುಚ್ಚಿಟ್ಟು ಹತ್ತು ದಿನವಾಗಿತ್ತು. ಅವರಿಗೆ ಬೇಕಾದದ್ದು ಅವಳೊಬ್ಬಳೇ. ಅವಳು ಗಣಿ ಕಾರ್ಮಿಕನ ಮಗಳು, ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು; ಅವನು ಶಾಲೆಯ ಬಸ್ ಓಡಿಸುತ್ತಿದ್ದ. ಕೆಂಟಕಿಯ ಬೆಟ್ಟದೂರುಗಳಲ್ಲಿ ಆರು ವರ್ಷದಿಂದ ಅವನ ಗಿಟಾರಿಗೆ ಇಬ್ಬರೂ ಒಂದೇ ಮೈಕಿನಲ್ಲಿ ಹಾಡಿದ್ದರು. ಅವಳು ಉಸಿರೆಳೆದುಕೊಳ್ಳುವ ಗಳಿಗೆ ತಿಳಿಯಲು ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಅದು ಹಾಡಿಗಾಗಿ ಮಾತ್ರ ಎಂದು ಇಬ್ಬರೂ ನಟಿಸುತ್ತಿದ್ದರು.

ಈ ಸಂಜೆ, ಅಗ್ನಿಶಾಮಕ ಠಾಣೆಗೆ ಹಣ ಕೂಡಿಸುವ ಮೀನೂಟದಲ್ಲಿ, ಅವನು ನೋಡಿದ, ಹಾಡಲಿಲ್ಲ. ಅವಳ ದನಿ ಒಂಟಿಯಾಗಿ ನಡುಗಿತು, ಆಮೇಲೆ ಏರಿತು. ಜನ ತಿನ್ನುವುದನ್ನು ಬಿಟ್ಟು ಕೇಳಿದರು.

ಹೊರಗೆ, ಅವನ ಟ್ರಕ್ಕಿನ ಪಕ್ಕ, ಅವಳು ಕೇಳಿದಳು. "ಜನರ ಮುಂದೆ ಮರ್ಯಾದೆ ತೆಗೀಬೇಕಿತ್ತಾ?"

"ಮರ್ಯಾದೆ ಹೋಯ್ತಾ? ಮೀನು ಕರಿಯೋ ಮುದುಕ ಅತ್ತುಬಿಟ್ಟ ಕಣೇ."

"ನೀನ್ಯಾಕೆ ಹಾಡ್ಲಿಲ್ಲ?"

"ಎಟುಕ್ಲಿಲ್ಲ. ಗಿಟಾರಿನ ಶ್ರುತಿ ಎರಡು ಮನೆ ಏರಿಸಿಟ್ಟಿದ್ದೆ, ನಿನ್ನ ದನಿಗೆ ಸರಿಹೋಗೋ ಹಾಗೆ."

ಆರು ವರ್ಷ ಅವನಿಗೆ ಹೊಂದಲೆಂದು ಅವಳು ದನಿ ತಗ್ಗಿಸಿ ಹಾಡಿದ್ದಳು. ಅದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು.

"ಯಾವಾಗಿಂದ ಗೊತ್ತು?"

"ಮೊದಲನೇ ವರ್ಷದಿಂದ. ಏರಿಸಿದ್ರೆ ನೀನು ಹೊರಟುಹೋಗ್ತೀಯ ಅಂತ ಸುಮ್ನಿದ್ದೆ." ಅವನು ಬೂಟಿನ ಕಡೆ ನೋಡಿದ. "ಬುಧವಾರ ಚರ್ಚಲ್ಲಿ ನಿಮ್ಮಮ್ಮ ನಿನಗೋಸ್ಕರ ಪ್ರಾರ್ಥನೆ ಮಾಡ್ಸಿದ್ರು. ಎಲ್ಲರ ಮುಂದೆ ಆ ಪತ್ರಾನೂ ಓದಿಬಿಟ್ರು."

"ಅಯ್ಯೋ, ಈ ಅಮ್ಮ!" ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ನೀನೂ ಬಾ."

"ನಿನ್ನ ಜೊತೆ ಹಾಡೋದು ಇನ್ನು ನನ್ನ ಕೈಲಾಗಲ್ಲ. ಮದುವೆ ಆಗ್ಬಹುದು. ಅದಕ್ಕೆ ಶ್ರುತಿ ಬೇಕಿಲ್ಲ."

"ಇದು ಹೇಳ್ತಿರೋದೋ, ಕೇಳ್ತಿರೋದೋ?"

"ಕೇಳ್ತಿರೋದು. ಆದ್ರೆ ಈಗ ಉತ್ತರ ಕೊಡ್ಬೇಡ. ಇಲ್ಲಿ ಕೊಟ್ರೆ ಉಳ್ಕೊಂಡ್ಬಿಡ್ತೀಯ."

ಅವಳು ಹೋದಳು. ಎರಡು ವರ್ಷ ಬೇರೆಯವರ ಹಾಡಿಗೆ ಹಿಂದೆ ನಿಂತು ಹಾಡಿದಳು. ಮೂರನೆಯ ವರ್ಷ ಅವಳ ಹೆಸರೊಂದೇ ಇದ್ದ ರೆಕಾರ್ಡು ಬಂತು, ರೇಡಿಯೋದಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ಬೆಳಿಗ್ಗೆ ಅವಳು ಫೋನ್ ಮಾಡಿದಳು.

"ಡೆನ್ಜಿಲ್, ಹ್ಞೂಂ."

"ಹ್ಞೂಂ ಅಂದ್ರೆ?"

"ಹ್ಞೂಂ ಅಂದ್ರೆ ಹ್ಞೂಂ, ದಡ್ಡ. ಶನಿವಾರ ಮದುವೆ ಅಂತ ಚರ್ಚಿಗೆ ಹೇಳಿಡು. ಸೋಮವಾರ ನನಗೆ ಸ್ಟುಡಿಯೋ ಇದೆ."