ಬಿಚ್ಚಿಟ್ಟ ಎಂಜಿನ್

ಬುಲೆಟ್ ಕೊನೆಗೂ ಸ್ಟಾರ್ಟ್ ಆಯ್ತು ಅಂತ ದೇವರಾಜ್ ನಿನ್ನೆ ಸಂಜೆ ಫೋನಿನಲ್ಲೇ ಅದರ ಸದ್ದು ಕೇಳಿಸಿದ್ದ. ಅದನ್ನು ನಂಬಿ ಕಲ್ಯಾಣಿ ಇವತ್ತು ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ, ನೇರಳೆ ರೇಷ್ಮೆ ಸೀರೆ ಉಟ್ಟು, ಜರಗನಹಳ್ಳಿಯ ಅವನ ಮನೆಗೆ ಬಂದಿದ್ದಳು.

ಬಂದು ನೋಡಿದರೆ ಎಂಜಿನ್ ಮತ್ತೆ ಬಿಚ್ಚಿ ಹರಡಿದೆ! ಹಳೇ ದನದ ಕೊಟ್ಟಿಗೆಯಲ್ಲಿ, ಸೀಮೆಎಣ್ಣೆ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವನು ಪಿಸ್ಟನ್ ಒರೆಸುತ್ತಿದ್ದ. ತಲೆ ಎತ್ತಿ ಸೀರೆ ನೋಡಿದ. ಮುಖ ನೋಡಿದ. ತಟ್ಟನೆ ಕಣ್ಣು ಪಿಸ್ಟನ್ ಕಡೆಗೆ ತಿರುಗಿಸಿದ.

“ಏನ್ರೀ ಇದು?”

“ಒಂಚೂರು ಟಿಕ್ ಟಿಕ್ ಅಂತಿತ್ತು ಕಲ್ಯಾಣಿ.”

“ನಂಗೆ ಕೇಳಿಸ್ಲಿಲ್ಲ.”

“ನಂಗೆ ಕೇಳಿಸ್ತು.”

“ಹೋದ ಸಲ ಆಯಿಲ್ ಸೋರ್ತಿತ್ತು. ಅದಕ್ಕೂ ಮುಂಚೆ ಹೊಗೆ. ನಿಮ್ಮ ಕಣ್ಣು, ಕಿವಿ ಎಲ್ಲಾ ಗಾಡಿಗೇ ಮೀಸಲು ಬಿಡಿ.”

ಅವನ ತಾಯಿ ನಾರಾಯಣಮ್ಮನ ಶುಗರ್ ಟೆಸ್ಟಿಗೆ ರಕ್ತ ತೆಗೆಯಲು ಎರಡು ವರ್ಷದ ಹಿಂದೆ ಅವಳು ಈ ಮನೆಗೆ ಮೊದಲು ಬಂದಾಗ, ಬುಲೆಟ್ಟಿನ ಸೀಟಿನ ಮೇಲೆ ಕೋಳಿ ಮಲಗುತ್ತಿತ್ತು. ಅವನ ಅಪ್ಪನ ಗಾಡಿ. ಅವರು ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಅವನೂ ಅವಳೂ ಆಗಲೇ ನಲವತ್ತರ ಹತ್ತಿರ. ಆ ವಯಸ್ಸಿನ ಪ್ರೀತಿಗೆ ಕುಣಿಯುವ ತ್ರಾಣ ಎಲ್ಲಿರುತ್ತದೆ? ಕೆಲಸ ಮುಗಿಸಿ ಬಂದು ಸುಮ್ಮನೆ ಪಕ್ಕದಲ್ಲಿ ಕೂರುತ್ತದೆ, ಅಷ್ಟೇ.

“ಗಾಡಿ ರೆಡಿ ಆಗ್ಲಿ. ಅಪ್ಪನ ಬುಲೆಟ್ ಓಡೋದು ನೋಡಿ ಅಮ್ಮ ಖುಷಿಯಲ್ಲಿರ್ತಾಳಲ್ಲ, ಆಗ ನಮ್ಮ ವಿಷಯ ಹೇಳ್ತೀನಿ” ಅಂದಿದ್ದ.

ಅವಳು ಹೇಳಿದ ಕಡುಗೆಂಪು ಬಣ್ಣವನ್ನೇ ಟ್ಯಾಂಕಿಗೆ ಹೊಡೆಸಿದ. ಹಿಂದಿನ ಸೀಟು ಅಗಲ ಮಾಡಿಸಿದ. ಫುಟ್‌ರೆಸ್ಟ್ ವೆಲ್ಡ್ ಮಾಡಿಸುವ ಮುಂಚೆ ಅವಳನ್ನು ಕೂರಿಸಿ, ಪಾದ ಎಲ್ಲಿಗೆ ಬರುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡ. ಅವನ ಬೆರಳು ಅವಳ ಹಿಮ್ಮಡಿಗೆ ತಾಗಿತು. ಅವನು ಕೈ ತೆಗೆಯಲು ತಡಮಾಡಿದ. ಅವಳೂ ಕಾಲು ತೆಗೆಯಲಿಲ್ಲ.

ಇಷ್ಟೆಲ್ಲ ಆಯಿತು, ಅಮ್ಮನಿಗೆ ಹೇಳುವುದೊಂದು ಆಗಲಿಲ್ಲ. ಬೆಳಿಗ್ಗೆಯಿಂದ ಯಾರ್ಯಾರದೋ ತೋಳಲ್ಲಿ ನರ ಹುಡುಕಿ ಹುಡುಕಿ ಅವಳ ಕಣ್ಣು ಉರಿಯುತ್ತಿತ್ತು. ರೇಗಲೂ ಸುಸ್ತು.

“ಗಾಡಿಗೆ ಏನೂ ಆಗಿಲ್ಲ ದೇವರಾಜ್. ಅದು ರೆಡಿ ಆದ್ರೆ ನೀವು ಬಾಯಿ ಬಿಡ್ಬೇಕಲ್ಲ, ಅದಕ್ಕೇ ಬಿಚ್ತಾ ಇದ್ದೀರ.”

ಅವನು ಪಿಸ್ಟನ್ನನ್ನು ಮತ್ತೆ ಸೀಮೆಎಣ್ಣೆಗೆ ಅದ್ದಿದ.

“ನನ್ನ ಕೈಲಿ ಇನ್ನಾಗಲ್ಲ. ನಿಮ್ಮಮ್ಮಂಗೆ ಬ್ಲಡ್ ತೆಗೆಯೋಕೆ ಮುಂದಿನ ಸಲ ಬೇರೆಯವರನ್ನ ಕಳಿಸ್ತೀನಿ.”

ಅವಳು ಗೇಟಿನ ತನಕ ಹೋಗಿದ್ದಳು. ಹಿಂದೆ ಬೋಗುಣಿ ಉರುಳಿದ ಸದ್ದು.

“ನಿಲ್ಲು ಕಲ್ಯಾಣಿ.”

ಅವಳ ಹತ್ತಿರ ಬರಲಿಲ್ಲ ಅವನು. ಬನಿಯನ್ನಿಗೆ ಕೈ ಒರೆಸಿಕೊಳ್ಳುತ್ತಾ ನೆಟ್ಟಗೆ ಜಗಲಿಗೆ ಹೋದ. ನಾರಾಯಣಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು.

“ಅಮ್ಮ, ನಾನು ಕಲ್ಯಾಣಿನ ಮದ್ವೆ ಆಗ್ತೀನಿ.”

ಮುದುಕಿಯ ಕೈ ನಿಂತಿತು. “ಆ ಸೂಜಿ ಚುಚ್ಚೋ ಹುಡುಗೀನಾ? ಅವರ ಮನೇಲಿ ಮೊಟ್ಟೇನೂ ಮುಟ್ಟಲ್ವಂತೆ. ನಂಗಿಷ್ಟ ಇಲ್ಲ ಕಣೋ.”

“ಇರ್ಲಿ. ನಂಗಿಷ್ಟ ಇದೆ.”

ಎರಡು ವರ್ಷದಲ್ಲಿ ಅವಳ ಮುಂದೆಯೂ ಅವನು ಆಡದ ಮಾತು. ಕಲ್ಯಾಣಿ ಗೇಟಿನ ಕಂಬಿ ಹಿಡಿದುಕೊಂಡಳು.

“ಮಾರಿಹಬ್ಬಕ್ಕೆ ಬಾಡು ಯಾರೋ ಬೇಯಿಸ್ತಾರೆ?”

“ನಾನೇ ಬೇಯಿಸ್ತೀನಿ.”

“ನೀನಾ! ಅನ್ನಾನೇ ಸೀಯಿಸ್ತೀಯ” ಅಂದು ನಾರಾಯಣಮ್ಮ ಮುಖ ತಿರುಗಿಸಿದರು. ಆದರೆ ಬೇಡ ಅಂತ ಇನ್ನೊಂದು ಸಲ ಅನ್ನಲಿಲ್ಲ.

ಅವನು ಗೇಟಿಗೆ ಬಂದ. ಕಣ್ಣು ಕೆಂಪಾಗಿತ್ತು.

“ನಡಿ, ನಿಮ್ಮಮ್ಮಂಗೂ ಹೇಳ್ಬಿಡೋಣ.”

“ಬನಿಯನ್ನಲ್ಲಾ? ಶರ್ಟ್ ಹಾಕ್ಕೊಂಡು ಬನ್ನಿ ಮಾರಾಯ್ರೇ.”

ಕನಕಪುರ ರಸ್ತೆಯಲ್ಲಿ ಬಸ್ಸು ತೆವಳುತ್ತಿತ್ತು. ಹಿಂದಿನ ಸೀಟಿನಲ್ಲಿ ಅವಳು ಅವನ ಭುಜಕ್ಕೆ ತಲೆ ಆನಿಸಿದವಳು ಹಾಗೇ ನಿದ್ದೆ ಹೋದಳು. ಅವಳ ಮನೆಯ ಸ್ಟಾಪ್ ಬನಶಂಕರಿ ಬಂದಾಗ ಅವನು ಮೆಲ್ಲಗೆ ಅಲುಗಿಸಿದ.

“ಏಳು, ಇಳಿಯೋಣ.”

“ಇನ್ನೊಂದು ಸ್ಟಾಪ್ ಮಲಗ್ತೀನಿ ರೀ. ಅಮ್ಮಂಗೆ ನಾಳೆ ಹೇಳಿದ್ರಾಯ್ತು.”

“ಊಹುಂ, ಇವತ್ತೇ” ಅಂದು ದೇವರಾಜ್ ಅವಳ ಬ್ಯಾಗು ಹೆಗಲಿಗೇರಿಸಿ, ಕೈ ಹಿಡಿದು ಎಬ್ಬಿಸಿದ.