ಎಳ್ಳಮಾಸಿಯ ನೇರ ಪ್ರಸಾರ

ಎಳ್ಳು ಅಮಾವಾಸ್ಯೆಯ ರಾತ್ರಿ ಹನ್ನೊಂದು ದಾಟಿತ್ತು. ಕಮಲಾಪುರ ಪೊಲೀಸ್ ಠಾಣೆಯ ಮೇಜಿನ ಮೇಲೆ ಸಣ್ಣದೊಂದು ಸದ್ದಾಯಿತು. ಮಗುವಿನ ಗೆಜ್ಜೆಯನ್ನು ಮರದ ಮೇಲೆ ಇಟ್ಟಾಗ ಆಗುವಷ್ಟೇ ಸದ್ದು. ಗೋಡೆಗೊರಗಿ ಕಣ್ಣು ಮುಚ್ಚಿದ್ದ ಹೆಡ್ ಕಾನ್‌ಸ್ಟೇಬಲ್ ನೀಲಗಂಗಮ್ಮನಿಗೆ ಎಚ್ಚರವಾಯಿತು. ಠಾಣೆಯೊಳಗೆ ಆ ಸದ್ದು ಕೇಳಿದರೆ ಒಳ್ಳೆಯ ಸುದ್ದಿಯಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೇಜಿನ ಮುಂದೆ ಮಹಾಗಾಂವದ ಭಾಗಪ್ಪ ನಿಂತಿದ್ದ. ಧೋತರ ಮೊಳಕಾಲಿನವರೆಗೆ ತೊಯ್ದಿತ್ತು.

"ಮಗಳು ಕಾಣವಲ್ಲಳ್ರೀ ಸಾಹೇಬ್ರ. ಮಹಾನಂದಾ ಅಂತ. ಎಂಟು ವರ್ಷದಾಕಿ."

"ಯಾವಾಗಿಂದ?" ಪಿಎಸ್ಐ ಭೀಮಶಾ ಕೇಳಿದ.

"ನಾಕು ಗಂಟಿಯಿಂದ. ಎಳ್ಳಮಾಸಿ ಅಂತ ಎಲ್ಲಾರೂ ಹೊಲದಾಗೇ ಇದ್ವಿ."

"ಈಗ ಬಂದೀಯಲ್ಲೋ?"

"ಬಾವ್ಯಾಗ ಬಿದ್ದಾಳೇನೋ ಅಂತ ಪಾತಾಳಗರಡಿ ಹಾಕಿ ಹುಡುಕಿದ್ವಿರೀ. ಇದೊಂದು ಗೆಜ್ಜಿ ಬಂಡಿ ಬಾಜೂಕ ಸಿಕ್ತು."

"ಯಾರ ಮ್ಯಾಲರ ಅನುಮಾನ?"

"ಮತ್ಯಾರ ಮ್ಯಾಲ ಬರ್ತದ್ರೀ? ಅವರವ್ವನ ಮ್ಯಾಲೇ. ಟೀವಿ ಜಯದೇವಿ."

ಭೀಮಶಾ ಪೆನ್ನು ಕೆಳಗಿಟ್ಟ. ಜಯದೇವಿಯನ್ನು ಅರಿಯದವರು ಆ ಸೀಮೆಯಲ್ಲಿ ಇರಲಿಲ್ಲ. ಆಕಾಶವಾಣಿಯಲ್ಲಿ ಕೂಲಿಯ ಲೆಕ್ಕದಲ್ಲಿ ಮಾತಾಡುತ್ತ ಶುರು ಮಾಡಿದವಳು, ಕಲಬುರಗಿಯಲ್ಲಿ ಕೇಬಲ್ ಬಂದ ಮೇಲೆ ಶುಕ್ರವಾರ ಸಂಜೆಯ ಹಾಡಿನ ಕಾರ್ಯಕ್ರಮಕ್ಕೆ ಮುಖವಾದಳು. ದೂರದರ್ಶನದ ಎರಡು ಧಾರಾವಾಹಿಗಳಲ್ಲೂ ನಟಿಸಿದಳು. ಎರಡರಲ್ಲೂ ತಾಯಿಯ ಪಾತ್ರ. ಎರಡನೆಯದರ ಶೂಟಿಂಗ್ ನಡೆದಿದ್ದಾಗಲೇ ಭಾಗಪ್ಪ ಅವಳನ್ನು ಬಿಟ್ಟ. ರಾತ್ರಿಯೆಲ್ಲ ಶೂಟಿಂಗ್ ಎಂದು ಹೊರಗಿರುವವಳ ಕೈಗೆ ಮಗು ಬೇಡವೆಂದು ಕೋರ್ಟು ಮಗಳನ್ನು ತಂದೆಗೆ ಒಪ್ಪಿಸಿತ್ತು.

"ನಾಕು ಗಂಟಿಗೆ ಅಕಿ ಟೀವ್ಯಾಗ ಇದ್ದಳಲ್ಲೋ ತಮ್ಮಾ," ಎಂದ ಭೀಮಶಾ. "ನೇರ ಪ್ರಸಾರ. ನಮ್ಮ ಮನ್ಯಾಕಿ ಕಾಲು ಉಳುಕಿ ಕಲಬುರಗಿ ಬ್ರಹ್ಮಪುರದ ಮನ್ಯಾಗೇ ಕುಂತಿದ್ದಳು. ಪೂರಾ ನೋಡ್ಯಾಳ."

"ಅಕಿ ಟೀವ್ಯಾಗೂ ಇರ್ತಾಳ, ಹೊಲದಾಗೂ ಇರ್ತಾಳ. ಅಂಥಾಕಿ ಅಕಿ."

1998ರ ಡಿಸೆಂಬರ್ 18ರ ರಾತ್ರಿ 11-50ಕ್ಕೆ ಐಪಿಸಿ ಕಲಂ 363ರ ಅಡಿ ಅಪಹರಣದ ಎಫ್ಐಆರ್ ದಾಖಲಾಯಿತು. ಗೆಜ್ಜೆಯನ್ನು ಚೀಟಿ ಹಚ್ಚಿ ಒಳಗಿಡುವಾಗ ನೀಲಗಂಗಮ್ಮ ಅದನ್ನು ದೀಪಕ್ಕೆ ಹಿಡಿದಳು. ತಿರುಪಿನ ಗೆಜ್ಜೆ. ತಿರುಪು ಬಿಚ್ಚದೆ ಕಾಲಿನಿಂದ ಬರುವಂಥದಲ್ಲ. ಯಾರೋ ಬಿಚ್ಚಿದ್ದಾರೆ, ಬಿಚ್ಚಿದ ಮೇಲೆ, ತಿರುಪು ಎಲ್ಲಿ ಕಳೆದೀತೋ ಎಂದು ಮತ್ತೆ ಬಿಗಿಯಾಗಿ ಹಾಕಿಯೂ ಇದ್ದಾರೆ. ಮಕ್ಕಳನ್ನು ಕದ್ದೊಯ್ಯುವವರಿಗೆ ಅಷ್ಟು ಪುರುಸೊತ್ತು ಇರುವುದನ್ನು ಅವಳು ಕಂಡಿರಲಿಲ್ಲ. ಆದರೆ ಹಬ್ಬದ ದಿನವೂ ಠಾಣೆಯಲ್ಲೇ ಕಳೆದ ಅವಳಿಗೆ ಆ ಹೊತ್ತಿನಲ್ಲಿ ಯಾವುದನ್ನೂ ಹಿಡಿದು ಯೋಚಿಸುವ ತ್ರಾಣ ಉಳಿದಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಹೊಲದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಜೋಳದ ಸಾಲುಗಳ ನಡುವೆ ಹಿಂದಿನ ದಿನ ಭೂಮಿತಾಯಿಗೆಂದು ಚೆಲ್ಲಿದ ಚರಗದ ಅನ್ನವನ್ನು ಇರುವೆಗಳು ಸಾಗಿಸುತ್ತಿದ್ದವು. ಭಾಗಪ್ಪನ ತಾಯಿ ಮಲ್ಕಮ್ಮ ಬಂಡಿಯ ಬಳಿ ಕುಳಿತಿದ್ದಳು. ಪಕ್ಕದಲ್ಲಿ ಉಳಿದ ಸಜ್ಜಿ ರೊಟ್ಟಿಯ ಗಂಟು. ಹಸಿರು ಚೌಕಡಿಯ ಹಳೆ ಸೀರೆಯನ್ನು ಎರಡು ಹೋಳು ಮಾಡಿ, ಒಂದು ಹೋಳಿನಲ್ಲಿ ಕಟ್ಟಿದ ಗಂಟು.

"ಕೂಸು ಎಲ್ಲಿತ್ತಬೇ, ಆಯಿ?" ನೀಲಗಂಗಮ್ಮ ಕೇಳಿದಳು.

"ಇಲ್ಲೇ ಆಡಾಕತ್ತಿತ್ತು."

"ನೀ?"

"ಇಲ್ಲೇ ಕುಂತಿದ್ದೆ. ನಿದ್ದಿ ಹತ್ತಿತು."

"ಯಾರರ ಬಂದದ್ದು ನೋಡಿದೇನು?"

"ನಿದ್ದಿ ಹತ್ತಿದಾಕಿಗಿ ಏನ್ ಕಾಣ್ತದವ್ವ? ನೀನೂ ಶಾಣ್ಯಾಕಿ ಇದ್ದಿ."

ಬಾವಿಯ ಕಡೆ ಮುದುಕಿ ಒಮ್ಮೆಯೂ ತಿರುಗಿ ನೋಡಲಿಲ್ಲ. ಅದು ನೀಲಗಂಗಮ್ಮನ ಲಕ್ಷ್ಯಕ್ಕೆ ಬಂತು.

ಜೀಪು ಕಲಬುರಗಿಯ ದಾರಿ ಹಿಡಿಯಿತು. ಅರ್ಧ ದಾರಿಯಲ್ಲಿ ಭೀಮಶಾ ಹೇಳಿದ: "ನಮ್ಮಾಕಿ ಅಂದಳು, ಕಾರ್ಯಕ್ರಮಕ್ಕ ಆರೇಳು ಮಂದಿ ಫೋನ್ ಹಚ್ಚಿದ್ರಂತ. ಎಲ್ಲಾರೂ ಮನಿಂದ."

"ಯಾರ ಮನಿಂದರೀ?"

"ಬ್ರಹ್ಮಪುರದಿಂದ ಮೂರು ಮಂದಿ..." ಅಲ್ಲಿಗೆ ಅವನ ಮಾತು ನಿಂತಿತು.

ಎಳ್ಳಮಾಸಿಯ ಸಂಜೆ ನಾಲ್ಕಕ್ಕೆ ಬ್ರಹ್ಮಪುರದ ಓಣಿಗಳೆಲ್ಲ ಕೀಲಿ ಹಾಕಿಕೊಂಡು ಬಿದ್ದಿರುತ್ತವೆ. ಸ್ವಂತ ಹೊಲವಿಲ್ಲದವರೂ ಗೆಳೆಯರ ಹೊಲದಲ್ಲಿ ಕಾಳು-ಸೊಪ್ಪಿನ ಭಜ್ಜಿ ಉಣ್ಣುತ್ತಿರುತ್ತಾರೆ. ಉಳುಕಿದ ಕಾಲಿನ ಒಬ್ಬಳನ್ನು ಬಿಟ್ಟರೆ ಆ ಹೊತ್ತಿನಲ್ಲಿ ಮನೆಯಲ್ಲಿ ಕುಳಿತು ಹಾಡು ಕೇಳುವ ಪುರುಸೊತ್ತು ಯಾರಿಗಿತ್ತು?

ಕೇಬಲ್ ಮಾಲಕ ಅಮೋಘಪ್ಪ ಹಬ್ಬದೂಟದ ಭಾರಕ್ಕೆ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ.

"ನಿನ್ನೆ ಕ್ಯಾಮೆರಾ ಹಿಡಿದಾವ ಯಾರು?"

"ಎಳ್ಳಮಾಸಿ ದಿನ ಕ್ಯಾಮೆರಾ ಹಿಡಿಯೋನು ಸಿಗ್ತಾನೇನ್ರೀ ಸಾಹೇಬ್ರ? ಬುಧವಾರನೇ ತೆಗೆದು ಇಟ್ಟಿದ್ವಿ. ಪ್ರತಿ ವರ್ಷ ಹಿಂಗೇ. ನಿನ್ನೆ ಹೊಲಕ್ಕ ಹೋಗೋ ಮುಂದ ಟೈಮರ್ ಹಚ್ಚಿ ಹೋದ್ವಿ."

"ಫೋನ್ ಹಚ್ಚಿದೋರು?"

"ನಾನು, ನನ್ನ ಹೇಣ್ತಿ, ಲೈಟ್ ಹಿಡಿಯೋ ಹುಸೇನ. ಅವ ನಾಕು ದನಿ ತೆಗೀತಾನ್ರೀ, ಒಂದು ಹೆಂಗಸಿನದು." ತುಟಿಯವರೆಗೆ ಬಂದ ನಗು ಭೀಮಶಾನ ಮುಖ ಕಂಡು ಅಲ್ಲೇ ನಿಂತಿತು. "ಇದಕ್ಕೂ ಕಲಂ ಅದ ಏನ್ರೀ?"

"ಜಯದೇವಿ ಎಲ್ಲಿ?"

"ಖೋಲಿಯಾಗ ಇರಬೇಕ್ರೀ. ಇಲ್ಲಂದ್ರ ಮೇಕಪ್ ಹಲೀಮಾನ ಮನ್ಯಾಗ."

ಅವಳ ಬಾಡಿಗೆ ಕೋಣೆಗೆ ಕೀಲಿ ಹಾಕಿತ್ತು. ರೋಜಾ ಬಡಾವಣೆಯಲ್ಲಿ, ದರ್ಗಾದ ಹಿಂದಿನ ಗಲ್ಲಿಯಲ್ಲಿ ಹಲೀಮಾಳ ಮನೆ. ಮೇಕಪ್ ಕೆಲಸವಿಲ್ಲದ ದಿನ ಅವಳು ಹಳ್ಳಿಗಳ ಮೇಲೆ ಬಳೆ ಮಾರುತ್ತಿದ್ದಳು. ಪೊಲೀಸರನ್ನು ಕಂಡವಳು ಬಾಗಿಲಿಗೆ ಅಡ್ಡ ನಿಂತಳು.

"ಜಯದೇವಿ ಬಾಯಿ ಇಲ್ಲಿಲ್ಲ ಸಾಬ್. ಅಲ್ಲಾ ಕಸಮ್."

"ಕಸಮ್ ಹಾಕಬ್ಯಾಡ ಹಲೀಮಾ," ಎಂದಳು ನೀಲಗಂಗಮ್ಮ. ಹೊಸ್ತಿಲ ಪಕ್ಕದಲ್ಲಿ ಸಣ್ಣ ಚಪ್ಪಲಿ ಜೋಡಿ ಇತ್ತು. ಅದರ ಅಟ್ಟೆಗೆ ಹತ್ತಿದ್ದ ಹೊಲದ ಕಪ್ಪು ಯರಿ ಮಣ್ಣು ಆ ಗಲ್ಲಿಯದಾಗಿರಲಿಲ್ಲ.

ಹಲೀಮಾ ಚಪ್ಪಲಿ ನೋಡಿದಳು. ಬಾಗಿಲು ಬಿಟ್ಟು ಸರಿದಳು.

ಪಂಚರನ್ನು ಕರೆತರಲು ಭೀಮಶಾ ಗಲ್ಲಿಯ ತುದಿಗೆ ಹೋದ. ನೀಲಗಂಗಮ್ಮ ಒಳಗೆ ಹೆಜ್ಜೆಯಿಟ್ಟಳು. ಚಾಪೆಯ ಮೇಲೆ ಜಯದೇವಿ ಕುಳಿತಿದ್ದಳು. ತೊಡೆಯ ಮೇಲೆ ಮಗಳ ತಲೆ. ಬಣ್ಣವಿಲ್ಲದ ಮುಖ ಕಪ್ಪಗೆ, ಸಣ್ಣಗೆ ಕಾಣುತ್ತಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದರೂ ಗುರುತು ಸಿಗದ ಮುಖ.

"ನಾನೇ ಎತ್ಕೊಂಡು ಬಂದೀನಿ," ಎಂದಳು ಜಯದೇವಿ. "ಬರ್ಕೊಳ್ರಿ."

"ಒಬ್ಬಾಕಿನೇ?"

"ಒಬ್ಬಾಕಿನೇ. ಹಲೀಮಾಗ ಕೂಸು ನಂದೇ ಅಂತಷ್ಟೇ ಗೊತ್ತು."

"ಗೆಜ್ಜಿ ತೆಗೆದವರು?"

"ನಾನೇ. ಸಪ್ಪಳಾಗ್ತದ ಅಂತ."

ಚಾಪೆಯ ಪಕ್ಕದಲ್ಲಿ ಒಂದು ಗಂಟು ಬಿಚ್ಚಿಕೊಂಡಿತ್ತು. ಸಜ್ಜಿ ರೊಟ್ಟಿ, ಡಬ್ಬಿಯಲ್ಲಿ ಭಜ್ಜಿ, ಮಗುವಿನ ಒಂದು ಲಂಗ. ಲಂಗದ ಮಡಿಕೆಯಲ್ಲಿ ಇನ್ನೊಂದು ಗೆಜ್ಜೆ, ತಿರುಪು ಹಾಕಿದ್ದು. ಗಂಟಿನ ಅರಿವೆ ಅದೇ ಹಸಿರು ಚೌಕಡಿಯ ಹಳೆ ಸೀರೆಯ ಇನ್ನೊಂದು ಹೋಳು.

ನೀಲಗಂಗಮ್ಮ ಗೆಜ್ಜೆಯನ್ನು ಜಯದೇವಿಯ ಕೈಗಿಟ್ಟಳು. "ಬಿಚ್ಚು ನೋಡೋಣು."

ಜಯದೇವಿ ತಿರುವಿದಳು. ಬರಲಿಲ್ಲ. ಉಗುರು ಹಾಕಿದಳು, ಸೆರಗಿನಿಂದ ಹಿಡಿದಳು. ಮಹಾನಂದಾ ಎದ್ದು ಕುಳಿತಳು.

"ಹಂಗಲ್ಲ! ಅದು ಜಾಮ್ ಆಗ್ಯದ. ಆಯಿ ಹಲ್ಲಿಲೆ ತೆಗೀತಾಳ. ನಿನ್ನೀನೂ ಹಲ್ಲಿಲೆನೇ ತೆಗೆದಳು." ಹೇಳಿದ ಕೂಡಲೇ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ನೀಲಗಂಗಮ್ಮ ಜಯದೇವಿಯ ಕೈಯಿಂದ ಗೆಜ್ಜೆಯನ್ನು ಮರಳಿ ತೆಗೆದುಕೊಂಡಳು.

"ಎಷ್ಟು ದಿನದ ಮಾತು ಇದು?" ನೀಲಗಂಗಮ್ಮ ಕೇಳಿದಳು. ದನಿ ತಂತಾನೇ ತಗ್ಗಿತ್ತು.

"ಹೋದ ತಿಂಗಳು ಹಲೀಮಾ ಬಳಿ ಮಾರಾಕ ಹೋದಾಗ ಅತ್ತಿನೇ ಹೇಳಿ ಕಳಿಸಿದ್ರು. ಶುಕ್ರವಾರದ ಕ್ಯಾಸೆಟ್ ರವಿವಾರ ನಿಮ್ಮ ಕಡೆ ಕೇಬಲ್‌ನಾಗ ಹಾಕ್ತಾರಲ್ರೀ, ಕೂಸು ಟೀವಿ ಗಾಜಿಗಿ ಗಲ್ಲ ಹಚ್ಚಿ ನಿಂದರ್ತದಂತ. ಎಳ್ಳಮಾಸಿಗಿ ಬಾ, ಎರಡು ದಿನ ಇಟ್ಕೊ, ತಂದು ಬಿಡು, ಅಂದ್ರು."

"ತಂದು ಬಿಡ್ತಿದ್ದೇನು?"

ಜಯದೇವಿ ಮಗಳ ಕೂದಲಲ್ಲಿ ಕೈಯಾಡಿಸಿದಳು. "ಬುಧವಾರ ಕೇಳಿದ್ರ ಹೂಂ ಅಂತಿದ್ದೆ. ಇವತ್ತು ಕೇಳಿದ್ರ, ಗೊತ್ತಿಲ್ಲ." ಮಗಳತ್ತ ನೋಡಿ ಮುಂದುವರಿಸಿದಳು. "ಹೊಲದಾಗ ಇಕಿ ನನ್ನ ಗುರುತು ಹಿಡೀಲಿಲ್ಲರೀ. ಹೆದರಿ ಆಯಿ ಹಿಂದ ಹೋದಳು. ಕಡೀಗಿ ಜೋಳದಾಗ ನಿಂತು ಟೀವಿ ಮಾತು ಆಡಿದೆ. ಆತ್ಮೀಯ ವೀಕ್ಷಕರೇ, ನಿಮ್ಮ ಮನೆಯ ಮಗಳು ಜಯದೇವಿ ಬಂದಿದ್ದೇನೆ, ಅಂತ. ಆವಾಗ ಓಡಿ ಬಂದಳು."

ಗಲ್ಲಿಯಲ್ಲಿ ಭೀಮಶಾನ ಬೂಟಿನ ಸದ್ದು ಕೇಳಿತು.

"ಅತ್ತಿ ಕೊಟ್ಟದ್ದು ಅಂತ ಬರೆದ್ರ ನಿನ್ನ ಕೇಸು ಹಗುರಾಗ್ತದ," ಎಂದಳು ನೀಲಗಂಗಮ್ಮ.

"ಬ್ಯಾಡ್ರೀ." ಜಯದೇವಿ ಅವಳ ಮುಂಗೈ ಹಿಡಿದಳು. "ಅವನಿಗಿ ಗೊತ್ತಾದ್ರ ಮುದುಕೀನ ಆ ದಿನಾನೇ ಹೊರಗ ಹಾಕ್ತಾನ. ಆ ಮನ್ಯಾಗ ನನ್ನ ಮಗಳ ತಲಿ ಬಾಚೋರು ಅಕಿ ಒಬ್ಬಾಕಿನೇ. ನಾ ಜೇಲಿಗಿ ಹೋದ್ರೂ ಅಡ್ಡಿಯಿಲ್ಲ. ಅಕಿ ಅಲ್ಲಿರಲಿ."

ನೀಲಗಂಗಮ್ಮ ಗಂಟಿಗೆ ಕೈ ಹಾಕಿದಳು. ಪಂಚರು ಬಾಗಿಲಿಗೆ ಬರುವಷ್ಟರಲ್ಲಿ ರೊಟ್ಟಿ ಮತ್ತು ಡಬ್ಬಿ ಹಲೀಮಾಳ ಅಡುಗೆಮನೆಯಲ್ಲಿದ್ದವು, ಲಂಗ ಜಯದೇವಿಯ ಚೀಲದಲ್ಲಿತ್ತು. ಹಸಿರು ಅರಿವೆ ಮಡಚಿಕೊಂಡು ನೀಲಗಂಗಮ್ಮನ ಸ್ವಂತ ಚೀಲದ ತಳ ಸೇರಿತ್ತು.

ಬೆಳಿಗ್ಗೆ 11-20ಕ್ಕೆ ಆರೋಪಿಯ ದಸ್ತಗಿರಿಯಾಯಿತು. ಪಂಚನಾಮೆಯಲ್ಲಿ ಗೆಜ್ಜೆ ಒಂದು, ಲಂಗ ಒಂದು ಎಂದು ಬರೆದರು. ಹೇಳಿಕೆಯ ಕೊನೆಯಲ್ಲಿ 'ಕಾರಣ' ಎಂಬಲ್ಲಿ ಭೀಮಶಾ ಏನು ಬರೆಯಲಿ ಎಂದು ಕೇಳಿದ. ಜಯದೇವಿ ಯೋಚಿಸಿ, ತಿಂಗಳ ಎರಡನೆಯ ಶನಿವಾರ ಕೋರ್ಟಿನ ಆವರಣದಲ್ಲಿ ಮಗಳನ್ನು ತೋರಿಸಬೇಕೆಂಬ ಆದೇಶವಿದ್ದು, ಎರಡು ವರ್ಷದಲ್ಲಿ ಒಮ್ಮೆಯೂ ತೋರಿಸಿಲ್ಲವೆಂದು ಹೇಳಿದಳು. ಅವನು ಅಷ್ಟನ್ನೇ ಬರೆದ. ಅದು ಸುಳ್ಳೂ ಆಗಿರಲಿಲ್ಲ.

ಸಂಜೆ ನೀಲಗಂಗಮ್ಮ ಹುಡುಗಿಯನ್ನು ಮಹಾಗಾಂವಕ್ಕೆ ಕರೆದೊಯ್ದಳು. ದಾರಿಯಲ್ಲಿ ಮಹಾನಂದಾ ಜೀಪಿನ ಗಾಜಿಗೆ ಗಲ್ಲ ಹಚ್ಚಿಕೊಂಡು ಕುಳಿತಿದ್ದಳು.

"ನಾ ಯಾರಿಗೂ ಹೇಳಂಗಿಲ್ಲ," ಎಂದಳು ಒಮ್ಮೆ, ತಿರುಗಿ ನೋಡದೆ.

ಭಾಗಪ್ಪ ಅಂಗಳದಲ್ಲಿ ನಾಲ್ಕು ಮಂದಿಯ ನಡುವೆ ನಿಂತು ಜಯದೇವಿಯನ್ನು ಬೈಯುತ್ತಿದ್ದ. ಮಲ್ಕಮ್ಮ ಬಾಗಿಲಲ್ಲಿ ಮೊಮ್ಮಗಳನ್ನು ತಬ್ಬಿಕೊಂಡಳು. ನೀಲಗಂಗಮ್ಮ ಚೀಲದಿಂದ ಅರಿವೆ ತೆಗೆದು ಅವಳ ಸೆರಗಿನ ಕೆಳಗಿಟ್ಟಳು. ಮುದುಕಿಯ ಬೆರಳುಗಳು ಅಂಚನ್ನು ತಡವಿ ನೋಡಿ ಗುರುತು ಹಿಡಿದವು.

"ಅಕಿ?" ಎಂದಳು, ಕೇಳಿಯೂ ಕೇಳದಷ್ಟು ಮೆಲ್ಲಗೆ.

"ಒಬ್ಬಾಕಿನೇ ಅಂತ ಬರೆಸ್ಯಾಳ."

ಮಲ್ಕಮ್ಮ ನೆಲ ನೋಡಿದಳು. ಅಂಗಳದಿಂದ ಭಾಗಪ್ಪ ಕೂಗಿದ: "ಏನಂತರೀ ಬಾಯಿಯವರ, ಏನರ ಹೇಳೋದು ಉಳೀತೇನು?"

ನೀಲಗಂಗಮ್ಮ ಹೊಸ್ತಿಲ ಕಡೆ ನೋಡಿದಳು. ಮುದುಕಿ ಆಗಲೇ ಕುಳಿತು, ಹುಡುಗಿಯನ್ನು ಎರಡು ಮೊಳಕಾಲ ನಡುವೆ ಕೂಡಿಸಿಕೊಂಡು, ಬಾಚಣಿಗೆ ಹುಡುಕುತ್ತಿದ್ದಳು.

"ಏನಿಲ್ಲರೀ," ಎಂದು ನೀಲಗಂಗಮ್ಮ ಜೀಪು ಹತ್ತಿದಳು. ಭೀಮಶಾನಿಗೂ ಹೇಳುವುದಿಲ್ಲ, ನಾಳೆ ಕೋರ್ಟಿನಲ್ಲಿ ಕೇಳಿದರೂ ಹೇಳುವುದಿಲ್ಲ ಎಂದು, ಊರ ಗಡಿ ದಾಟುವ ಮೊದಲೇ ಅವಳು ನಿಶ್ಚಯಿಸಿಕೊಂಡಿದ್ದಳು.